ಹತ್ತೊಂಬತ್ತು ಪರ್ಸೆಂಟ್ ನೋವು

ಭಾರತ ಸರ್ಕಾರದ ಮಗ್ಗಿಯಲ್ಲಿ ಹತ್ತೊಂಬತ್ತು ಅಂದರೆ ಸೊನ್ನೆ, ಇಪ್ಪತ್ತು ಅಂದರೆ ಐವತ್ತು. ಲೆಕ್ಕ ತಪ್ಪಿದೆ ಅನ್ನಬೇಡಿ. ಈ ಮಗ್ಗಿಗೆ ರಕ್ಷಣಾ ಸಚಿವಾಲಯದ ಪತ್ರವಿದೆ, ಸುಪ್ರೀಂ ಕೋರ್ಟಿನ ತೀರ್ಪಿದೆ, ಎಲ್ಲಕ್ಕೂ ಮೂರು ಮೂರು ಪ್ರತಿ ಜೆರಾಕ್ಸ್ ಇದೆ.

ವಿಷಯ ಇಷ್ಟೆ. ಸೈನ್ಯದಿಂದ ಹೊರಬರುವವನ ಮೈಯಲ್ಲಿ ಏನು ಊನ ಉಳಿದಿದೆ ಎಂದು ಮೆಡಿಕಲ್ ಬೋರ್ಡು ನೋಡಿ ಶೇಕಡಾವಾರು ಬರೆಯುತ್ತದೆ. ಆ ಊನ ಸೇವೆಯಿಂದಲೇ ಬಂದದ್ದು ಅಥವಾ ಸೇವೆಯಿಂದ ಉಲ್ಬಣಿಸಿದ್ದು ಎಂದಾಗಿ, ಪ್ರಮಾಣ ಶೇ 20 ಮುಟ್ಟಿದರೆ ಡಿಸೆಬಿಲಿಟಿ ಪೆನ್ಷನ್. ಮುಟ್ಟಿದವರ ಮೇಲೆ ಸರ್ಕಾರಕ್ಕೆ ಎಲ್ಲಿಲ್ಲದ ಅಕ್ಕರೆ. 2001ರ ಜನವರಿ 31ರ ಪತ್ರದಂತೆ ಐವತ್ತರೊಳಗಿನದನ್ನೆಲ್ಲ ಐವತ್ತು ಎಂದು, ಐವತ್ತರಿಂದ ಎಪ್ಪತ್ತೈದರವರೆಗಿನದನ್ನು ಎಪ್ಪತ್ತೈದು ಎಂದು, ಅದರಾಚೆಯದನ್ನು ನೂರು ಎಂದು ಎಣಿಸಬೇಕು. ನೂರಕ್ಕೆ ನೂರು ಊನವಾದವನಿಗೆ ಕೊನೆಯ ಸಂಬಳದ ಶೇ 30. ಉಳಿದವರಿಗೆ ಅದೇ ಲೆಕ್ಕದಲ್ಲಿ ಇಳಿಯುತ್ತ ಬರುತ್ತದೆ. ನಲವತ್ತು ಸಾವಿರ ಸಂಬಳಕ್ಕೆ ನಿವೃತ್ತನಾದವನಿಗೆ ಬೋರ್ಡು ಇಪ್ಪತ್ತು ಬರೆದರೆ ತಿಂಗಳಿಗೆ 6,000 ರೂಪಾಯಿ, ಮೇಲೆ ತುಟ್ಟಿಭತ್ಯೆ. ಹತ್ತೊಂಬತ್ತು ಬರೆದರೆ ವರ್ಷಕ್ಕೊಂದು ಶಾಲು.

ಕಳೆದುಹೋದ ಬೆರಳನ್ನು ಎಣಿಸಬಹುದು, ಕೇಳದ ಕಿವಿಗೆ ಯಂತ್ರ ಹಚ್ಚಬಹುದು. ತಾಪತ್ರಯ ಇರುವುದು ನೋವಿನಲ್ಲಿ. ಅದು ಇದ್ದವನಿಗೆ ಮಾತ್ರ ಇರುತ್ತದೆ, ಇಲ್ಲದವನು ಅದನ್ನು ಅಳೆಯುತ್ತಾನೆ.

ಅರಕಲಗೂಡು ಕಡೆಯ ಒಬ್ಬ ಮಾಜಿ ಹವಾಲ್ದಾರರನ್ನು ಎದುರಿಗೆ ಕೂರಿಸಿಕೊಳ್ಳಿ. ಕೂರಿಸುವಾಗ ಪ್ಲಾಸ್ಟಿಕ್ ಕುರ್ಚಿ ಬೇಡ, ಹಿಡಿದುಕೊಂಡುಬಿಡುತ್ತದೆ. ಮರದ ಬೆಂಚಿನ ತುದಿಯೇ ಆಗಬೇಕು. ಹೆಸರು ಹೇಳುವುದಿಲ್ಲ, ಯಾಕೆಂದರೆ ಹಾಸನ ಜಿಲ್ಲೆಯ ಹಲವು ಬೆನ್ನುಗಳನ್ನು ಸೇರಿಸಿ ನಾನೇ ಮಾಡಿಕೊಂಡ ಮನುಷ್ಯ ಅವರು. ಊರಲ್ಲಿ ಮಿಲ್ಟ್ರಿ ಮಾವ ಅಂತಾರೆ. ತೋಪುಖಾನೆಯಲ್ಲಿದ್ದವರು. ಬೋಫೋರ್ಸ್ ತೋಪಿನ ಒಂದು ಗುಂಡು ನಲವತ್ತು ಕೆಜಿ ದಾಟುತ್ತದೆ. ಅದನ್ನು ಎತ್ತಿ ತೋಪಿಗೆ ತುಂಬುವುದರಲ್ಲೇ ಮಾವನ ಹರೆಯ ಹೋಯಿತು. ಈಗ ಸೊಂಟದ ನಾಲ್ಕು ಮತ್ತು ಐದನೇ ಮಣಿಗಳ ನಡುವಿನ ಡಿಸ್ಕ್ ಜಾರಿ ನರಕ್ಕೆ ಒತ್ತಿಕೊಂಡಿದೆ. ಎಡಗಾಲಿನ ಹೆಬ್ಬೆರಳವರೆಗೂ ಎಳೆತ, ಜೋಮು. ಮಿಲಿಟರಿ ಆಸ್ಪತ್ರೆಯವರು ಅದನ್ನು ‘ಪಿಐವಿಡಿ ಎಲ್4-ಎಲ್5’ ಎಂದು ಬರೆದರು. ಅತ್ತೆ ಅದಕ್ಕೆ ಇಟ್ಟ ಹೆಸರು ‘ಅವ್ರ ಸೊಂಟ’. “ಅವ್ರ ಸೊಂಟ ಇವತ್ತು ಎದ್ದಿಲ್ಲ ಕಣವ್ವ” ಅಂದರೆ ಬೀದಿಗೆಲ್ಲ ಅರ್ಥವಾಗುತ್ತದೆ.

ಬೆಳಿಗ್ಗೆ ಮಂಚದಿಂದ ಏಳುವುದಕ್ಕೆ ಮಾವನದೇ ಒಂದು ಡ್ರಿಲ್ಲು. ಎಡಕ್ಕೆ ಹೊರಳು, ಮಂಡಿ ಮಡಿಸು, ಮೊಣಕೈ ಊರು, ಕಾಲು ಇಳಿಬಿಡು, ಹತ್ತು ಎಣಿಸು, ಏಳು. ಕೆಳಗೆ ಬಿದ್ದ ಟವೆಲನ್ನು ಬಗ್ಗಿ ಎತ್ತುವುದಿಲ್ಲ. ಕಾಲ್ಬೆರಳ ಸಂದಿಯಲ್ಲಿ ಹಿಡಿದು ಹಿಂದಕ್ಕೆ ಮಡಿಸಿ ಕೈಗೆ ತಂದುಕೊಳ್ಳುತ್ತಾರೆ. ಮೊಮ್ಮಗನಿಗೆ ಇದು ಸರ್ಕಸ್ಸು. ಅವನೂ ಹಾಗೇ ಮಾಡಲು ಹೋಗಿ ಬೀಳುತ್ತಾನೆ.

ನಿವೃತ್ತಿಗೆ ಮುಂಚೆ ರಿಲೀಸ್ ಮೆಡಿಕಲ್ ಬೋರ್ಡು ಕೂತಿತು. ಡಿಸ್ಕ್ ಜಾರಿದ್ದನ್ನು ಒಪ್ಪಿತು. ಗುಣವಾಗುವ ಜಾತಿಯದಲ್ಲ ಎಂಬುದನ್ನೂ ಒಪ್ಪಿತು. ಆಮೇಲೆ ಎರಡು ಸಾಲು ಬರೆಯಿತು. ಊನದ ಪ್ರಮಾಣ ಶೇ 15ರಿಂದ 19, ಜೀವನಪರ್ಯಂತ. ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ. ಶುರುವಾದದ್ದು ಪೀಸ್ ಸ್ಟೇಷನ್ನಿನಲ್ಲಿ.

ಈ ‘15ರಿಂದ 19’ ನಾನು ಕಟ್ಟಿದ್ದಲ್ಲ. ಸೈನಿಕರ ದಾವೆ ಕೇಳುವ ಟ್ರಿಬ್ಯುನಲ್ಲಿನ ಆದೇಶಗಳನ್ನು ಓದಿದವರಿಗೆ ಹಳೆಯ ಪರಿಚಯ ಅದು. ಅದರ ಸೊಗಸು ನೋಡಿ. ನೋವು ಹದಿನೈದೋ ಹತ್ತೊಂಬತ್ತೋ ಎಂಬುದು ಬೋರ್ಡಿಗೆ ಖಾತ್ರಿಯಿಲ್ಲ. ಹದಿನಾರು ಇರಬಹುದು, ಹದಿನೆಂಟೂ ಇರಬಹುದು, ಅಷ್ಟು ನಿಖರವಾಗಿ ಹೇಳಲಾಗದು, ವೈದ್ಯವಿಜ್ಞಾನಕ್ಕೂ ಮಿತಿಯಿದೆ. ಆದರೆ ಇಪ್ಪತ್ತು ಅಲ್ಲ ಎಂಬುದು ಮಾತ್ರ ಸೂರ್ಯಚಂದ್ರರಿರುವಷ್ಟು ಖಾತ್ರಿ.

ಇನ್ನು ಪೀಸ್ ಸ್ಟೇಷನ್. ಸೊಂಟ ಹಿಡಿದದ್ದು ಗಡಿಯಲ್ಲಲ್ಲ, ಶಾಂತಿಯ ಠಾಣೆಯಲ್ಲಿ. ಆದ್ದರಿಂದ ಸೈನ್ಯಕ್ಕೂ ಸೊಂಟಕ್ಕೂ ಸಂಬಂಧವಿಲ್ಲ. ಪೀಸ್ ಸ್ಟೇಷನ್ನಿನಲ್ಲಿ ಗುಂಡಿನ ತೂಕ ಕಮ್ಮಿಯಾಗುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಗಡಿಯಲ್ಲಿ ನಾಲ್ಕು ವರ್ಷ ಸವೆದ ಡಿಸ್ಕ್, ವರ್ಗವಾಗಿ ಬಂದ ಮೇಲೆ ಒಂದು ಬೆಳಿಗ್ಗೆ ಪರೇಡಿನಲ್ಲಿ ಜಾರಬಾರದೆಂದೂ ಇಲ್ಲ. “ಏನ್ ಮಾಡ್ಲಿ ಸ್ವಾಮಿ, ಅದು ಫೀಲ್ಡಿಗೆ ಹೋಗಾಗಂಟ ತಡ್ಕಳ್ಳಿಲ್ಲ” ಅಂತಾರೆ ಮಾವ. ಶಿಸ್ತಿಲ್ಲದ ಡಿಸ್ಕು. 2025ರಲ್ಲಿ ದೆಹಲಿ ಹೈಕೋರ್ಟು ಇಂಥದೇ ಒಂದು ಪೀಸ್ ಸ್ಟೇಷನ್ ವಾದವನ್ನು ತಳ್ಳಿಹಾಕಿತು. ಅದು ಸಕ್ಕರೆ ಕಾಯಿಲೆಯ ಪ್ರಕರಣ. ಗಡಿಯ ಕೊರೆಯುವ ಗಾಳಿಯಲ್ಲಿ ನಿಂತವರನ್ನೂ ಬೆಂಕಿಯ ಪಕ್ಕ ಕೂತು ಬಿಸಿ ಕಾಪಿ ಹೀರುವ ನಮ್ಮಂಥವರನ್ನೂ ನ್ಯಾಯಮೂರ್ತಿಗಳು ಒಂದೇ ಉಸಿರಿನಲ್ಲಿ ನೆನೆದರು. ಸಕಲೇಶಪುರದ ಕಾಪಿ ಕುಡಿಯುತ್ತ ಓದಿದ ನನಗೆ ಅದು ಸ್ವಲ್ಪ ನಾಟಿತು. ಸಚಿವಾಲಯದ ಕ್ಯಾಂಟೀನಿನಲ್ಲಿ ಎಷ್ಟು ನಾಟಿತೋ, ದೇವರೇ ಬಲ್ಲ.

ಹಾಗಾದರೆ ಆಗಿನ ನಿಯಮ ಏನನ್ನುತ್ತಿತ್ತು? ನಿಯಮ ಚಿನ್ನದಂಥದ್ದೇ ಆಗಿತ್ತು. 1982ರ ಎನ್‌ಟೈಟಲ್‌ಮೆಂಟ್ ರೂಲ್ಸ್ ತೆಗೆದು ನೋಡಿ. ಸೇರುವಾಗ ಕಾಗದದಲ್ಲಿ ಕಾಯಿಲೆ ದಾಖಲಾಗಿರದಿದ್ದರೆ ಸೈನಿಕ ಗಟ್ಟಿಮುಟ್ಟಾಗಿದ್ದ ಎಂದೇ ಭಾವಿಸಬೇಕಿತ್ತು. ಸೇವೆಯಿಂದ ಬಂತೆಂದು ಸಾಬೀತು ಮಾಡುವ ಹೊರೆ ಅವನ ಮೇಲಿರಲಿಲ್ಲ. ಅನುಮಾನವಿದ್ದರೆ ಅದರ ಲಾಭ ಅವನಿಗೆ. ಭರ್ತಿಯ ದಿನ ಅವನನ್ನು 1.6 ಕಿಲೋಮೀಟರ್ ಓಡಿಸಿ, ಒಂಬತ್ತು ಅಡಿಯ ಹಳ್ಳ ಹಾರಿಸಿ, ಕಂಬಿಗೆ ಜೋತುಬೀಳಿಸಿ, ಚಡ್ಡಿಯಲ್ಲಿ ನಿಲ್ಲಿಸಿ ತಲೆಯಿಂದ ಕಾಲಿನವರೆಗೆ ತಡವಿ ನೋಡಿ ‘ಫಿಟ್’ ಎಂದು ಮೊಹರು ಒತ್ತಿದವರು ಇವರೇ. ಎರಡು ದಶಕ ದುಡಿಸಿಕೊಂಡು ಕಳಿಸುವಾಗ, ‘ಇದು ನಿನ್ನ ಮೈಯಲ್ಲೇ ಇದ್ದ ಕಾಯಿಲೆ’ ಅನ್ನುವವರೂ ಇವರೇ. ಸಿಪಾಯಿ ಧರಮ್‌ವೀರ್ ಸಿಂಗ್ 1985ರಲ್ಲಿ ಸೇರಿ 1994ರಲ್ಲಿ ಮೂರ್ಛೆರೋಗದಿಂದ ಹೊರಬಿದ್ದಾಗ ಇದೇ ಮಾತು ಹೇಳಿದರು: ಹುಟ್ಟುಗುಣದ ಕಾಯಿಲೆ, ನಮ್ಮದಲ್ಲ. ಸುಪ್ರೀಂ ಕೋರ್ಟು 2013ರ ಜುಲೈ 2ರಂದು ಆ ನಿಯಮಗಳನ್ನು ಸಾಲುಸಾಲಾಗಿ ಓದಿ ಹೇಳಿ, ಹುಟ್ಟುಗುಣ ಎನ್ನುವುದಕ್ಕೆ ಕಾರಣ ಎಲ್ಲಿ ಬರೆದಿದ್ದೀರಿ ಎಂದು ಕೇಳಿ, ಪೆನ್ಷನ್ ಕೊಡಿಸಿತು. ನಿಯಮ ಬರೆದವರಿಗೇ ನಿಯಮ ಓದಿಸಲು ಹತ್ತೊಂಬತ್ತು ವರ್ಷ.

ನೋಡಿ, ಇಲ್ಲೂ ಹತ್ತೊಂಬತ್ತೇ.

ಇಪ್ಪತ್ತರ ಗೆರೆಗೆ ಇನ್ನೊಂದು ಮೋಜಿದೆ. 2014ರಲ್ಲಿ ಸುಖ್ವಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು: ಊನದ ಕಾರಣಕ್ಕೆ ಸೈನಿಕನನ್ನು ನಡುವೆಯೇ ಮನೆಗೆ ಕಳಿಸಿದಿರಿ ಎಂದಮೇಲೆ ಅದು ಶೇ 20ಕ್ಕಿಂತ ಹೆಚ್ಚೆಂದೇ ತಿಳಿಯಬೇಕು. ನ್ಯಾಯವಾದ ಮಾತು. ಕೆಲಸಕ್ಕೇ ಬರದಷ್ಟು ಕೆಟ್ಟಿದೆ, ಆದರೆ ಹತ್ತೊಂಬತ್ತೇ ಪರ್ಸೆಂಟ್ ಕೆಟ್ಟಿದೆ ಅನ್ನುವುದು ಹೇಗೆ? ಆದರೆ ಮಾವನಂಥವರು ಬೇರೆ ಜಾತಿ. ಸೊಂಟ ಹಿಡಿದುಕೊಂಡೇ, ಬೆಲ್ಟ್ ಬಿಗಿದುಕೊಂಡೇ, ಲೋ ಮೆಡಿಕಲ್ ಕೆಟಗರಿಯಲ್ಲಿ ಸ್ಟೋರಿನ ಲೆಕ್ಕ ಬರೆಯುತ್ತ ಅವಧಿ ಮುಗಿಸಿ ಬಂದವರು. ಇಂಥವರ ಸಾಲಿನ ವಿಂಗ್ ಕಮಾಂಡರ್ ರಾಥೋರ್ ಅವರ ಪ್ರಕರಣದಲ್ಲಿ 2019ರ ಡಿಸೆಂಬರ್ 11ರಂದು ಅದೇ ಸುಪ್ರೀಂ ಕೋರ್ಟು, ಇಪ್ಪತ್ತರ ಕೆಳಗಿದ್ದರೆ ಏನೂ ಇಲ್ಲ ಅಂದಿತು. ಅರ್ಥ ಸ್ಪಷ್ಟ. ನೋವು ತಾಳಲಾರದೆ ಬಿದ್ದವನ ನೋವು ಇಪ್ಪತ್ತು; ಹಲ್ಲು ಕಚ್ಚಿ ತಾಳಿಕೊಂಡವನದು ಹತ್ತೊಂಬತ್ತು. ಮುಂದೆ ಸೇನೆಗೆ ಸೇರುವ ನಮ್ಮ ಹುಡುಗರು ಇದನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು.

ನೋವನ್ನು ಅಳೆಯುವ ವಿಧಾನವನ್ನಾದರೂ ನೋಡೋಣ. ಡಾಕ್ಟರು ಅಂಗಾತ ಮಲಗಿಸಿ, ಮಂಡಿ ಮಡಿಸದಂತೆ ಕಾಲನ್ನು ಮೇಲೆತ್ತುತ್ತಾರೆ. ಎಷ್ಟು ಡಿಗ್ರಿಗೆ ಅಯ್ಯೋ ಅಂದಿರಿ ಎಂಬುದು ಲೆಕ್ಕ. ಮೂವತ್ತಕ್ಕೇ ಅಂದರೆ ನರಕ್ಕೆ ಪೆಟ್ಟು ಜೋರು. ಎಪ್ಪತ್ತು ದಾಟಿದರೆ ಪರವಾಗಿಲ್ಲ. ಎದುರಿಗೆ ಭುಜದ ಮೇಲೆ ಅಶೋಕಸ್ತಂಭ ಹೊತ್ತ ಮೇಜರ್ ಸಾಹೇಬರು ನಿಂತಿದ್ದಾರೆ. ಇಡೀ ಸರ್ವಿಸ್ಸಿನಲ್ಲಿ ಸಾಹೇಬರ ಮುಂದೆ ಮಾವ ಅಯ್ಯೋ ಅಂದವರಲ್ಲ. ಮೂವತ್ತಕ್ಕೆ ಕಣ್ಣಲ್ಲಿ ನೀರು ಬಂತು, ಐವತ್ತಕ್ಕೆ ಹಾಸಿಗೆಯ ಅಂಚು ಹಿಡಿದರು, ಎಪ್ಪತ್ತರವರೆಗೆ ಸದ್ದಿಲ್ಲ. “ದರ್ದ್ ಹೈ?” “ಥೋಡಾ ಸಾ, ಸಾಬ್.” ಆ ‘ಥೋಡಾ ಸಾ’ ಇದೆಯಲ್ಲ, ಅದರ ಬೆಲೆ ತಿಂಗಳಿಗೆ ಆರು ಸಾವಿರ. ಅಯ್ಯೋ ಅನ್ನಬಾರದೆಂದು ವರ್ಷಗಟ್ಟಲೆ ತರಬೇತಿ ಕೊಟ್ಟ ಸಂಸ್ಥೆಯೇ ಈಗ ಅಯ್ಯೋ ಎಷ್ಟು ಜೋರಾಗಿತ್ತು ಎಂದು ಅಳೆಯುತ್ತಿದೆ.

ಎಂಆರ್‌ಐ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಅದು ಡಿಸ್ಕನ್ನು ತೋರಿಸುತ್ತದೆ, ನೋವನ್ನಲ್ಲ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಅವಲೋಕನದಲ್ಲಿ, ಬೆನ್ನುನೋವೇ ಇಲ್ಲದ ಇಪ್ಪತ್ತರ ಹುಡುಗರಲ್ಲೂ ಶೇ 37 ಮಂದಿಯ ಡಿಸ್ಕುಗಳು ಸವೆದಿದ್ದವು. ಎಂಬತ್ತು ವರ್ಷದವರಲ್ಲಿ ಶೇ 96. ಡಿಸ್ಕ್ ಹರಿದವನು ನಗುತ್ತ ಓಡಾಡಬಹುದು, ಫಿಲ್ಮ್ ಚೊಕ್ಕಟವಾಗಿರುವವನು ಹಾಸಿಗೆ ಬಿಟ್ಟು ಏಳಲಾರ. ಸರ್ಕಾರ ಈ ವಿಜ್ಞಾನವನ್ನು ತನಗೆ ಬೇಕಾದ ಕಡೆಯಿಂದ ಮಾತ್ರ ಓದುತ್ತದೆ. ಫಿಲ್ಮಿನಲ್ಲಿ ಸವೆತ ಕಂಡರೆ ‘ವಯಸ್ಸಾದವರಿಗೆಲ್ಲ ಇರುತ್ತದೆ’. ಕಾಣದಿದ್ದರೆ ‘ಏನೂ ಇಲ್ಲವಲ್ಲ’. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದಿದಾಗ ಅದರ ಕೆಳಗೆ ಒಂದು ಟಿಪ್ಪಣಿ ಸೇರಿಸಿತು: ಒಬ್ಬ ಮನುಷ್ಯ ನೋಯುತ್ತಿದೆ ಎಂದರೆ ಆ ಮಾತಿಗೆ ಗೌರವ ಕೊಡಬೇಕು. ಇದನ್ನು ಹೇಳಲು ಅಂತರರಾಷ್ಟ್ರೀಯ ಸಂಘವೇ ಬೇಕಾಯಿತು. ಅತ್ತೆಯನ್ನು ಕೇಳಿದ್ದರೆ ಹೇಳುತ್ತಿದ್ದರು.

ಅಮೆರಿಕದವರೂ ಇದರಲ್ಲಿ ಎಡವಿ ಎದ್ದವರೇ. 1987ರಿಂದ 1994ರವರೆಗೆ ಅವರ ಸೈನ್ಯದಲ್ಲಿದ್ದ ಮೆಲ್ಬಾ ಸಾಂಡರ್ಸ್ ಎಂಬಾಕೆಗೆ ಎರಡೂ ಮಂಡಿ ನೋವು. ಮಂಡಿಯೊಳಗೆ ರೋಗ ಕಾಣುವುದಿಲ್ಲ, ಬರೀ ನೋವು ಊನವಲ್ಲ ಎಂದು ಅಲ್ಲಿನ ಇಲಾಖೆ ವರ್ಷಗಟ್ಟಲೆ ವಾದಿಸಿತು. 2018ರ ಏಪ್ರಿಲಿನಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ, ರೋಗದ ಹೆಸರು ಸಿಗದಿದ್ದರೂ ನೋವೇ ಮನುಷ್ಯನ ಕೆಲಸವನ್ನು ಕೆಡಿಸಿದರೆ ಅದೂ ಊನವೇ ಎಂದು ತೀರ್ಪು ಕೊಟ್ಟಿತು. ಅಲ್ಲಿ ಶೇ 10ಕ್ಕೂ ದುಡ್ಡು ಕೊಡುತ್ತಾರೆ. ನಮ್ಮವರು ಅಮೆರಿಕದಿಂದ ಹೆಲಿಕಾಪ್ಟರ್ ತರಿಸಿದರು, ತೋಪು ತರಿಸಿದರು. ಈ ತೀರ್ಪಿನ ಜೆರಾಕ್ಸ್ ಮಾತ್ರ ತರಿಸಲಿಲ್ಲ.

ಬೋರ್ಡು ಕೊಟ್ಟರೆ ಸಾಕೇ? ಸಾಲದು. ದೇವರು ಕೊಟ್ಟರೂ ಪೂಜಾರಿ ಕೊಡ. ಪೂಜಾರಿ ಅಲಹಾಬಾದಿನಲ್ಲಿರುತ್ತಿದ್ದ, ಈಗ ಊರಿನ ಹೆಸರು ಪ್ರಯಾಗ್‌ರಾಜ್. ಪೆನ್ಷನ್ ಲೆಕ್ಕದ ಆ ಕಚೇರಿಯಲ್ಲಿ ಬಹಳ ಕಾಲ ಒಂದು ಪದ್ಧತಿಯಿತ್ತು. ಬೋರ್ಡಿನ ಡಾಕ್ಟರುಗಳು ಮೈ ಮುಟ್ಟಿ ನೋಡಿ ಬರೆದ ಪರ್ಸೆಂಟೇಜನ್ನು ಅಲ್ಲಿ ಕೂತವರು ರೋಗಿಯ ಮುಖವನ್ನೂ ನೋಡದೆ, ಫೈಲು ನೋಡಿಯೇ ಇಳಿಸುತ್ತಿದ್ದರು. ನಾಡಿ ಹಿಡಿದು ರೋಗ ಹೇಳುವ ಪಂಡಿತರನ್ನು ಕೇಳಿದ್ದೇವೆ. ಟ್ಯಾಗು ಹಿಡಿದು ರೋಗ ವಾಸಿ ಮಾಡುವವರು ಇವರೊಬ್ಬರೇ. ಮಾಜಿ ಸ್ಯಾಪರ್ ಮೊಹಿಂದರ್ ಸಿಂಗ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1993ರ ಜನವರಿಯಲ್ಲೇ, ಮತ್ತೆ ಪರೀಕ್ಷೆ ಮಾಡಿಸದೆ ಲೆಕ್ಕದ ಕಚೇರಿ ವೈದ್ಯರ ಅಭಿಪ್ರಾಯವನ್ನು ಮೀರುವಂತಿಲ್ಲ ಎಂದಿತ್ತು. ಬೋರ್ಡು ಬರೆದದ್ದೇ ಅಂತಿಮ ಎಂಬ ಆದೇಶ ಸಚಿವಾಲಯದಿಂದ ಬಂದದ್ದು 2001ರ ಫೆಬ್ರುವರಿ 7ಕ್ಕೆ. ಆ ಎಂಟು ವರ್ಷದಲ್ಲಿ ಅಲಹಾಬಾದಿನಲ್ಲಿ ಎಷ್ಟು ಬೆನ್ನುಗಳು ಅಂಚೆಯಲ್ಲೇ ಗುಣವಾದವೋ.

ಆದೇಶದ ಕಣ್ಣಿಗೆ ಸೈನಿಕ ಯಾವಾಗ ಸೈನಿಕ ಎಂಬುದೂ ಒಂದು ಗಹನವಾದ ಪ್ರಶ್ನೆ. ಮದನ್ ಸಿಂಗ್ ಶೇಖಾವತ್ ಎಂಬ ಸೈನಿಕ ಕ್ಯಾಶುಯಲ್ ರಜೆ ಹಾಕಿ ಊರಿಗೆ ಹೊರಟು, ರೈಲಿನಿಂದ ಇಳಿಯುವಾಗ ಬಿದ್ದು ಕೈ ಕಳೆದುಕೊಂಡ. ರಜೆಯಲ್ಲಿ ಪ್ರಯಾಣವೂ ಡ್ಯೂಟಿಯೇ ಎಂಬ ನಿಯಮವಿತ್ತು, ಆದರೆ ಸರ್ಕಾರದ ಖರ್ಚಿನಲ್ಲಿ ಹೋಗುತ್ತಿದ್ದರೆ ಮಾತ್ರ. ಪಾಪದವನು ಟಿಕೆಟ್ಟಿಗೆ ಸ್ವಂತ ದುಡ್ಡು ಕೊಟ್ಟಿದ್ದ! ಪೆನ್ಷನ್ ಇಲ್ಲ. 1999ರಲ್ಲಿ ಸುಪ್ರೀಂ ಕೋರ್ಟು ಆ ‘ಸರ್ಕಾರಿ ಖರ್ಚು’ ಎಂದರೆ ಅನುಮತಿ ಪಡೆದು ಮಾಡಿದ ಪ್ರಯಾಣ ಎಂದು ಅರ್ಥ ಬಿಡಿಸಿ ಹೇಳಬೇಕಾಯಿತು. ಬೊಕ್ಕಸಕ್ಕೆ ರೈಲು ಚಾರ್ಜು ಉಳಿಸಿಕೊಟ್ಟ ಅಪರಾಧಕ್ಕೆ ಕೈಗೆ ಬೆಲೆಯಿಲ್ಲದೆ ಹೋದ ಪ್ರಕರಣ ಇದೊಂದೇ ಇರಲಾರದು.

ಸರಿ, ಮಾವ ಅಪೀಲು ಹಾಕಿದರು. ಹಾಸನದ ಸೈನಿಕ ಕಲ್ಯಾಣ ಕಚೇರಿಯಲ್ಲಿ ಫಾರಂ ಹೇಗೆ ತುಂಬಬೇಕೆಂದು ಹೇಳಿಕೊಡುತ್ತಾರೆ, ಅಲ್ಲಿಂದಾಚೆಗೆ ಅವರ ಕೈಯಲ್ಲೂ ಏನಿಲ್ಲ. ತೋಪುಖಾನೆಯ ರೆಕಾರ್ಡ್ಸ್ ಇರುವುದು ನಾಸಿಕ್ಕಿನಲ್ಲಿ. ಸಿಗ್ನಲ್ಸಿನವರದು ಜಬಲ್ಪುರ, ಇಎಂಇಯವರದು ಸಿಕಂದರಾಬಾದು. ಮೊದಲ ಅಪೀಲು ನೋಡುವ ಸಮಿತಿ ದೆಹಲಿಯಲ್ಲಿ, ಎರಡನೆಯದನ್ನು ನೋಡುವ ಸಮಿತಿಯೂ ದೆಹಲಿಯಲ್ಲಿ. ಅಲ್ಲಿಂದ ಬರುವ ಉತ್ತರ ಹೇಗಿರುತ್ತದೆಂದರೆ, ಮೊದಲಿನ ಆದೇಶದಲ್ಲಿದ್ದ ಅಲ್ಪವಿರಾಮಗಳೂ ಅಲ್ಲಲ್ಲೇ ಕ್ಷೇಮವಾಗಿರುತ್ತವೆ.

ನಮ್ಮ ಹಾಸನಾಂಬೆ ವರ್ಷಕ್ಕೊಮ್ಮೆ ಬಾಗಿಲು ತೆಗೆದು ಜನರಿಗೆ ದರ್ಶನ ಕೊಡುತ್ತಾಳೆ. ಹೆಚ್ಚುಕಮ್ಮಿ ಅದೇ ಕಾಲಕ್ಕೆ, ನವೆಂಬರ್ ಸುತ್ತಮುತ್ತ, ಪೆನ್ಷನ್‌ದಾರರು ತಾವು ಬದುಕಿದ್ದೇವೆಂದು ಸರ್ಕಾರಕ್ಕೆ ದರ್ಶನ ಕೊಡಬೇಕು. ಅಲ್ಲಿ ಹೋದ ವರ್ಷ ಹಚ್ಚಿಟ್ಟ ದೀಪ ಆರಿರುವುದಿಲ್ಲ ಎಂಬುದು ನಂಬಿಕೆ. ಇಲ್ಲಿ ಹೋದ ವರ್ಷ ಕೊಟ್ಟ ಅರ್ಜಿ ಅಲುಗಿರುವುದಿಲ್ಲ ಎಂಬುದು ಅನುಭವ.

ಮರುಪರೀಕ್ಷೆಯ ಬೋರ್ಡಿಗೆ ಕರೆ ಬಂದರೆ ಬೆಂಗಳೂರು. ಅರಕಲಗೂಡಿನಿಂದ ಹೊಳೆನರಸೀಪುರ, ಅಲ್ಲಿಂದ ಚನ್ನರಾಯಪಟ್ಟಣ, ಆಮೇಲೆ ಹೈವೇ. ಊರೂರಿಗೆ ಒಂದು ಹಂಪು, ಕೆಲವು ಊರಿಗೆ ಮುಂದೊಂದು ಹಿಂದೊಂದು. ಹಿಂದಿನ ಸೀಟು ಸಿಕ್ಕರೆ ಮುಗಿಯಿತು. ಮಾವ ಹೊಳೆನರಸೀಪುರದ ಸ್ಟ್ಯಾಂಡಿನಲ್ಲಿ ಇಳಿದು ಕಂಬ ಹಿಡಿದು ನಿಲ್ಲುತ್ತಾರೆ, ಚನ್ನರಾಯಪಟ್ಟಣದಲ್ಲಿ ಮಗಳ ಮನೆಯಲ್ಲಿ ಒಂದು ರಾತ್ರಿ ಮಲಗಿ ಮಾರನೇ ದಿನ ಹೊರಡುತ್ತಾರೆ. ಇಷ್ಟೆಲ್ಲ ಪಾಡು ಪಟ್ಟು ಬೋರ್ಡಿನ ಮುಂದೆ ನಿಂತರೆ ಅದೇ ಅವರ ವಿರುದ್ಧದ ಸಾಕ್ಷಿ: ಅಷ್ಟು ದೂರದಿಂದ ಬಸ್ಸಿನಲ್ಲೇ ಬಂದಿದ್ದಾರಲ್ಲ. ಬಾರದಿದ್ದರೆ ಗೈರುಹಾಜರು, ಬಂದರೆ ಗಟ್ಟಿಮುಟ್ಟು.

ಅಪೀಲು ಸೋತವನಿಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. 2007ರ ಕಾಯ್ದೆ, 2009ರಲ್ಲಿ ಬಾಗಿಲು ತೆರೆಯಿತು. ಚಂಡೀಗಢ, ಲಖನೌ, ಗುವಾಹಟಿ, ಜೈಪುರ, ಚೆನ್ನೈ, ಕೊಚ್ಚಿ, ಇನ್ನೂ ಕೆಲವು ಕಡೆ ಅದರ ಪ್ರಾದೇಶಿಕ ಪೀಠಗಳಿವೆ. ಮದ್ರಾಸ್ ಸ್ಯಾಪರ್ಸ್‌ನಿಂದ ಪ್ಯಾರಾಟ್ರೂಪರುಗಳವರೆಗೆ ಅರ್ಧ ಸೈನ್ಯಕ್ಕೆ ತರಬೇತಿ ಕೊಡುವ ಬೆಂಗಳೂರಿನ ಹೆಸರು ಆ ಪಟ್ಟಿಯಲ್ಲಿಲ್ಲ. ಇದಕ್ಕೆ ನಮ್ಮ ಸಂಸದರು ಏನು ಮಾಡಿದರು ಎಂದು ಕೇಳುವ ಹಕ್ಕು ಹಾಸನ ಜಿಲ್ಲೆಯವರಿಗೆ ಉಳಿದವರಿಗಿಂತ ಒಂದು ತೂಕ ಹೆಚ್ಚೇ ಇದೆ. ಪ್ರಧಾನಮಂತ್ರಿಯನ್ನೇ ಕೊಟ್ಟ ತಾಲ್ಲೂಕು ಹೊಳೆನರಸೀಪುರ.

ಮಂಡಳಿಯಲ್ಲಿ ಸೈನಿಕ ಗೆದ್ದರೆ? ಆಗ ಸರ್ಕಾರಕ್ಕೆ ನೋವು ಶುರುವಾಗುತ್ತದೆ. ಆ ನೋವಿಗೆ ಪರ್ಸೆಂಟೇಜು ಇಲ್ಲ, ಮಿತಿಯೂ ಇಲ್ಲ. ಐವತ್ತಕ್ಕೆ ಏರಿಸುವ ಅನುಕೂಲ ಊನದಿಂದ ಹೊರಬಿದ್ದವರಿಗೆ ಮಾತ್ರ, ಅವಧಿ ಮುಗಿಸಿದವರಿಗಿಲ್ಲ ಎಂದು ಸಚಿವಾಲಯ ನೂರಾರು ಸೈನಿಕರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ರಾಮ್ ಅವತಾರ್ ಪ್ರಕರಣದಲ್ಲಿ 2014ರ ಡಿಸೆಂಬರ್ 10ರಂದು ಕೋರ್ಟು ಎಲ್ಲವನ್ನೂ ಒಟ್ಟಿಗೆ ವಜಾ ಮಾಡಿತು. ಮರುವರ್ಷ ರಕ್ಷಣಾ ಸಚಿವ ಮನೋಹರ್ ಪರ್ರೀಕರ್ ನೇಮಿಸಿದ ತಜ್ಞರ ಸಮಿತಿಯೂ ಊನವಾದ ಸೈನಿಕರನ್ನು ಕೋರ್ಟಿಗೆಳೆಯುವ ಚಟ ಬಿಡಿ ಎಂಬರ್ಥದ ಶಿಫಾರಸು ಮಾಡಿತು. ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ. 2023ರ ಮಾರ್ಚ್ 21ರಂದು ಸುಪ್ರೀಂ ಕೋರ್ಟು, ಮಂಡಳಿಯ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂದಿತು. ಬಡ ಸೈನಿಕ ದೆಹಲಿಯವರೆಗೆ ಅಲೆಯದಿರಲಿ ಎಂಬ ಸದುದ್ದೇಶ. ಆ ಬಾಗಿಲಲ್ಲಿ ಈಗ ಸರ್ಕಾರವೇ ರಿಟ್ ಅರ್ಜಿಗಳ ಕಟ್ಟು ಹಿಡಿದು ಸಾಲು ನಿಂತಿದೆ. ಮಾವ ವಕೀಲರ ಫೀಸಿಗೆ ಶುಂಠಿ ಮಾರಬೇಕು. ಸರ್ಕಾರದ ವಕೀಲರ ಫೀಸನ್ನು ಶುಂಠಿ ಮಾರಿದ ಮಾವನ ತೆರಿಗೆಯಿಂದ ಕೊಡುತ್ತಾರೆ.

ಕಳ್ಳ ನೋವುಗಳಿಲ್ಲವೇ ಎಂದು ಕೇಳಿದರೆ, ಇವೆ. ಯಾಕಿರಬಾರದು? ಆದರೆ ಸಿಎಜಿ ಲೆಕ್ಕವನ್ನೊಮ್ಮೆ ನೋಡಿ. 2015-16ರಿಂದ 2019-20ರವರೆಗೆ ನಿವೃತ್ತರಾದ ಅಧಿಕಾರಿಗಳಲ್ಲಿ ವರ್ಷಕ್ಕೆ ಶೇ 36ರಿಂದ 40 ಮಂದಿಗೆ ಡಿಸೆಬಿಲಿಟಿ ಪೆನ್ಷನ್ ಸಿಕ್ಕಿದೆ. ಅಧಿಕಾರಿ ದರ್ಜೆಗಿಂತ ಕೆಳಗಿನವರಲ್ಲಿ ಶೇ 15ರಿಂದ 18 ಮಂದಿಗೆ. ಗುಂಡು ಹೊತ್ತವರಿಗಿಂತ ಗುಂಡು ಹೊರಿಸಿದವರ ಮೈ ಎರಡು ಪಟ್ಟು ನಾಜೂಕು ಎಂದು ನಾವು ನಂಬಬೇಕು. ಅಥವಾ ಫಾರಂ ತುಂಬಲು ಬರುವುದೂ, ಸಾಹೇಬರ ಮುಂದೆ ಸಾಹೇಬರ ಹಾಗೆ ಮಾತಾಡಲು ಬರುವುದೂ ಚಿಕಿತ್ಸೆಯ ಒಂದು ಭಾಗವೆಂದು ತಿಳಿಯಬೇಕು. ಸೋಗಿನವರನ್ನು ಹಿಡಿಯುವುದಾದರೆ ಮೇಲಿನಿಂದ ಹಿಡಿದುಕೊಂಡು ಬರಲಿ. ಸರ್ಕಾರ ಮಾಡಿದ್ದೇನೆಂದರೆ, 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ತಂದು, ಊನವಿದ್ದೂ ಸೇವೆಯಲ್ಲಿ ಮುಂದುವರಿದವರಿಗೆ ಸಿಗುವ ಮೊತ್ತಕ್ಕೆ ಬೇರೆ ಹೆಸರಿಟ್ಟಿತು: ಇಂಪೇರ್‌ಮೆಂಟ್ ರಿಲೀಫ್. ಹೆಸರು ಬದಲಾಯಿಸಿದರೆ ಸೊಂಟ ಸರಿಹೋಗುತ್ತದೆಂದು ನಮ್ಮೂರ ಜ್ಯೋತಿಷಿ ಕೂಡ ಹೇಳುವುದಿಲ್ಲ.

ಜುಲೈ 26 ಬಂದಾಗ ಮಾತ್ರ ಎಲ್ಲರಿಗೂ ಮಾವನ ನೆನಪಾಗುತ್ತದೆ. ಕಾರ್ಗಿಲ್ ವಿಜಯ ದಿವಸ, ಮಾಜಿ ಯೋಧರಿಗೆ ಸನ್ಮಾನ. ಹತ್ತು ಗಂಟೆಯ ಕಾರ್ಯಕ್ರಮ, ಅತಿಥಿಗಳು ಬರುವುದು ಹನ್ನೆರಡೂವರೆಗೆ. ಅಷ್ಟು ಹೊತ್ತೂ ವೇದಿಕೆಯ ಮೇಲೆ ಅದೇ ಪ್ಲಾಸ್ಟಿಕ್ ಕುರ್ಚಿ. ಮಾವ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಭಾರ ಬದಲಿಸುತ್ತ ಕೂತಿರುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಪೇಟ ತೊಡಿಸುವ ಮುಖಂಡರು ಗಿಡ್ಡ, ಮಾವ ಉದ್ದ. “ಸ್ವಲ್ಪ ಬಗ್ಗಿ ಯಜಮಾನ್ರೇ, ಫೋಟೋಕ್ಕೆ ಮುಖ ಬೀಳ್ಬೇಕು.” ಮಾವ ಬಗ್ಗುತ್ತಾರೆ. ಫೋಟೊಗ್ರಾಫರ್ ಇನ್ನೊಂದು ಅಂತಾನೆ. ಮಾವ ಬಗ್ಗಿಯೇ ಇರುತ್ತಾರೆ. ಆಮೇಲೆ ಭಾಷಣ: ಈ ದೇಶದ ಬೆನ್ನೆಲುಬೇ ನಮ್ಮ ಸೈನಿಕರು. ಚಪ್ಪಾಳೆ. ಆ ಬೆನ್ನೆಲುಬಿನ ನಾಲ್ಕನೇ ಮತ್ತು ಐದನೇ ಮಣಿಯ ನಡುವೆ ಏನಾಗಿದೆ ಎಂದು ಮುಖಂಡರಿಗೆ ಹೇಳುವವರಾರು? ಮನೆಗೆ ಹೋದ ಮೇಲೆ ಮೂರು ದಿನ ‘ಅವ್ರ ಸೊಂಟ’ ಏಳುವುದಿಲ್ಲ. ಹಣ್ಣನ್ನು ಮೊಮ್ಮಗ ತಿನ್ನುತ್ತಾನೆ.

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಎಲ್ಲಿಯವರೇ ಆಗಿರಿ, ನಿಮ್ಮ ಮನೆಯ ಟ್ರಂಕಿನಲ್ಲಿ ಡಿಸ್ಚಾರ್ಜ್ ಬುಕ್ಕಿನ ಜೊತೆ ‘15-19’ ಎಂದು ಬರೆದ ಕಾಗದವಿದ್ದರೆ ಅದನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಳ್ಳಬೇಡಿ. ಮೊದಲ ಅಪೀಲಿಗೆ ಆರು ತಿಂಗಳ ಗಡುವಿದೆ. ಹಾಕಿದ ಅಪೀಲಿಗೆ ಆರು ತಿಂಗಳಾದರೂ ಉತ್ತರ ಬರದಿದ್ದರೆ ಕಾಯುತ್ತ ಕೂರಬೇಕಿಲ್ಲ, ನ್ಯಾಯಮಂಡಳಿಗೆ ಹೋಗಬಹುದು. ವರ್ಷಗಳೇ ಕಳೆದಿವೆಯಲ್ಲ ಎಂದು ಕೈಚೆಲ್ಲಲೂ ಬೇಡಿ. 1983ರಲ್ಲಿ ಹೊರಬಿದ್ದು 1999ರಲ್ಲಿ ಕೋರ್ಟು ಹತ್ತಿದ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ಹೇಳಿದ್ದು, ಪೆನ್ಷನ್ ತಪ್ಪಿಸುವುದು ತಿಂಗಳು ತಿಂಗಳೂ ಮುಂದುವರಿಯುವ ತಪ್ಪು ಎಂದು; ಹಳೆಯ ಬಾಕಿ ಮೂರು ವರ್ಷದ್ದೇ ಸಿಗುತ್ತದೆ, ಹಕ್ಕು ಸಾಯುವುದಿಲ್ಲ. ಮುಖ್ಯವಾಗಿ ಬೇಕಾದದ್ದು ನಿಮ್ಮ ಮೆಡಿಕಲ್ ಬೋರ್ಡಿನ ಪೂರ್ತಿ ಪ್ರೊಸೀಡಿಂಗ್ಸ್ ಮತ್ತು ಭರ್ತಿಯ ದಿನದ ವೈದ್ಯಕೀಯ ಕಾಗದ. ಕೈಯಲ್ಲಿಲ್ಲದಿದ್ದರೆ ನಿಮ್ಮ ರೆಕಾರ್ಡ್ಸ್ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ.